ನೆಲದ ಮೇಲೆ ನಿಲ್ಲಿಸುವ ಹೊಸ ಈಜುಕೊಳ: ಮೊದಲ ವಾರದಲ್ಲಿ ನೀರಿನ ರಸಾಯನ ಹದಗೊಳಿಸುವ ಬಗೆ

ಫ್ರೇಮ್ ನಿಲ್ಲಿಸಿ, ಒಳಗಿನ ಪ್ಲಾಸ್ಟಿಕ್ ಹಾಳೆಯಾದ ಲೈನರ್ ಹಾಸಿ, ನೀರು ತುಂಬಿಸಿದ ದಿನ ಕೊಳ ತಿಳಿಯಾಗಿಯೇ ಇರುತ್ತದೆ. ಬಿಸಿಲು ಜೋರಾಗಿದ್ದರೆ ಅದೇ ನೀರು ಮೂರು ನಾಲ್ಕು ದಿನಗಳಲ್ಲಿ ಮಸುಕಾಗುತ್ತದೆ, ಗೋಡೆ ಮುಟ್ಟಿದರೆ ಕೈ ಜಾರುತ್ತದೆ, ವಾರದೊಳಗೆ ಹಸಿರು ಬಣ್ಣ ಬಂದರೂ ಬಂತು. ಅಷ್ಟರಲ್ಲಿ ಗಾಬರಿಬಿದ್ದು ಐದಾರು ಬಗೆಯ ಡಬ್ಬಿಗಳನ್ನು ತಂದು ಸುರಿದಾಗಿರುತ್ತದೆ. ಯಾವುದು ಏನು ಮಾಡಿತು ಎಂದು ಆಮೇಲೆ ಪತ್ತೆಹಚ್ಚುವುದು ಕಷ್ಟ.

ನಿಜಕ್ಕೂ ಬೇಕಾಗುವುದು ನಾಲ್ಕೇ ವಸ್ತು: ಕ್ಲೋರಿನ್, ಅದನ್ನು ಬಿಸಿಲಿನಿಂದ ಕಾಪಾಡುವ ಸಯನ್ಯೂರಿಕ್ ಆಸಿಡ್, ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆ) ಇಳಿಸಲು ಒಂದು ಆಸಿಡ್, ಕೆಲವು ನೀರಿಗೆ ಅಡುಗೆ ಸೋಡಾ. ಪಾಚಿನಾಶಕ, ನೀರು ತಿಳಿಗೊಳಿಸುವ ದ್ರಾವಣ, ಫಾಸ್ಫೇಟ್ ತೆಗೆಯುವ ಔಷಧ ಇವೆಲ್ಲ ಆರಂಭದಲ್ಲಿ ಅನಗತ್ಯ. ಆ ಹಣವನ್ನು ಒಳ್ಳೆಯ ಪರೀಕ್ಷಾ ಕಿಟ್‌ಗೆ ಹಾಕುವುದು ಮೇಲು.

ಮೊದಲು ಲೀಟರ್ ಲೆಕ್ಕ

ಕೊಳದಲ್ಲಿ ಎಷ್ಟು ನೀರಿದೆ ಎಂದು ಗೊತ್ತಿಲ್ಲದಿದ್ದರೆ ಮುಂದಿನ ಯಾವ ಅಳತೆಗೂ ಅರ್ಥವಿಲ್ಲ. ದುಂಡು ಕೊಳಕ್ಕೆ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ಅದನ್ನು ನೀರಿನ ಆಳದಿಂದ ಗುಣಿಸಿ, ಬಂದದ್ದನ್ನು 785ರಿಂದ ಗುಣಿಸಿ. ಎಲ್ಲ ಅಳತೆಯೂ ಮೀಟರ್‌ನಲ್ಲಿರಲಿ, ಉತ್ತರ ಲೀಟರ್‌ನಲ್ಲಿ ಬರುತ್ತದೆ. ಆಯತಾಕಾರದ ಕೊಳಕ್ಕೆ ಉದ್ದ, ಅಗಲ, ಆಳಗಳ ಗುಣಲಬ್ಧವನ್ನು 1000ದಿಂದ ಗುಣಿಸಿದರೆ ಆಯಿತು. 4.5 ಮೀಟರ್ ವ್ಯಾಸ, 1 ಮೀಟರ್ ನೀರಿರುವ ಕೊಳದಲ್ಲಿ ಸುಮಾರು 15,900 ಲೀಟರ್ ಇರುತ್ತದೆ. ಮುಂದಿನ ಉದಾಹರಣೆಗಳಲ್ಲಿ ಇದನ್ನೇ 16,000 ಎಂದು ಹಿಡಿದಿದ್ದೇವೆ.

ಇಲ್ಲಿ ಎಡವುವುದು ಆಳದ ವಿಷಯದಲ್ಲಿ. ಗೋಡೆಯ ಎತ್ತರ 1.22 ಮೀಟರ್ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ, ನೀರು ನಿಲ್ಲುವುದು ಸುಮಾರು 1.1 ಮೀಟರ್ ಮಾತ್ರ. ತಳದಿಂದ ನೀರಿನ ಮಟ್ಟದವರೆಗೆ ಕೋಲು ಇಳಿಸಿ ಅಳೆಯಿರಿ.

ಪಿಪಿಎಂ ಎಂದರೆ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದರ್ಥ. 10,000 ಲೀಟರ್ ನೀರಿನಲ್ಲಿ 1 ಪಿಪಿಎಂ ಎಂದರೆ 10 ಗ್ರಾಂ. ಇದೊಂದು ನೆನಪಿದ್ದರೆ ಯಾವ ಡಬ್ಬಿಯ ಮೇಲಿನ ಪ್ರಮಾಣವನ್ನೂ ನೀವೇ ಪರಿಶೀಲಿಸಬಹುದು.

ಪರೀಕ್ಷಾ ಕಿಟ್

ಹಳದಿ ಬಣ್ಣ ಬರುವ ಅಗ್ಗದ ಓಟಿಒ ಕಿಟ್ ಒಟ್ಟು ಕ್ಲೋರಿನ್ ಮಾತ್ರ ತೋರಿಸುತ್ತದೆ. ಅದರಲ್ಲಿ ಕೆಲಸ ಮಾಡಬಲ್ಲ ಮುಕ್ತ ಕ್ಲೋರಿನ್ ಎಷ್ಟು, ಕೊಳೆಯೊಂದಿಗೆ ಸೇರಿ ದುರ್ಬಲವಾದದ್ದು ಎಷ್ಟು ಎಂದು ಅದು ಬಿಡಿಸಿ ಹೇಳುವುದಿಲ್ಲ. ಗುಲಾಬಿ ಬಣ್ಣದ ಡಿಪಿಡಿ ಕಿಟ್ ಎರಡನ್ನೂ ಬೇರೆಬೇರೆಯಾಗಿ ತೋರಿಸುತ್ತದೆ. ಆದರೆ ಕ್ಲೋರಿನ್ ತೀರಾ ಹೆಚ್ಚಾದಾಗ, ಸುಮಾರು 10 ಪಿಪಿಎಂ ದಾಟಿದ ಮೇಲೆ, ಆ ಗುಲಾಬಿ ಬಣ್ಣವೇ ಬಿಳಿಚಿ ಹೋಗಿ ಸೊನ್ನೆ ಎಂಬಂತೆ ಕಾಣಬಹುದು. ಕ್ಲೋರಿನ್ ಇಲ್ಲವೆಂದುಕೊಂಡು ಮತ್ತಷ್ಟು ಸುರಿಯುವ ಅನಾಹುತ ಆಗುವುದು ಹೀಗೆಯೇ. ಎಫ್‌ಎಎಸ್-ಡಿಪಿಡಿ ಎಂಬ ಹನಿ ಎಣಿಸುವ ಕಿಟ್ ಇದ್ದರೆ ಈ ಗೊಂದಲವಿಲ್ಲ: 10 ಮಿಲಿಲೀಟರ್ ಮಾದರಿಯಲ್ಲಿ ಪ್ರತಿ ಹನಿಗೆ 0.5 ಪಿಪಿಎಂ. ಗುಲಾಬಿ ಬಣ್ಣ ಮಾಯವಾಗುವವರೆಗೆ ಹನಿ ಎಣಿಸಿದರೆ ಸಾಕು, ಬಣ್ಣಕ್ಕೆ ಬಣ್ಣ ಹೊಂದಿಸಿ ಊಹಿಸುವ ಅಗತ್ಯವಿಲ್ಲ.

ಕಿಟ್‌ನಲ್ಲಿ ಕ್ಲೋರಿನ್ ಜೊತೆಗೆ ಪಿಎಚ್, ಒಟ್ಟು ಕ್ಷಾರೀಯತೆ, ಸಯನ್ಯೂರಿಕ್ ಆಸಿಡ್ ಪರೀಕ್ಷೆಗಳಿರಬೇಕು. ಕಾಗದದ ಪಟ್ಟಿಗಳು ಸಯನ್ಯೂರಿಕ್ ಆಸಿಡ್ ವಿಷಯದಲ್ಲಿ ನಂಬಿಕೆಗೆ ಅರ್ಹವಲ್ಲ. ನೀರಿನ ಮಾದರಿಯನ್ನು ಮೊಣಕೈ ಮುಳುಗುವಷ್ಟು ಆಳದಿಂದ, ಫಿಲ್ಟರ್ ನೀರು ಮರಳಿ ಬರುವ ರಿಟರ್ನ್ ಬಾಯಿಯಿಂದ ದೂರದಲ್ಲಿ ತೆಗೆಯಿರಿ. ಕ್ಲೋರಿನ್ 10 ಪಿಪಿಎಂ ಮೀರಿದ್ದಾಗ ಪಿಎಚ್ ಪರೀಕ್ಷೆಯ ಫಿನಾಲ್ ರೆಡ್ ಕೂಡ ನೇರಳೆಗೆ ತಿರುಗಿ ದಾರಿ ತಪ್ಪಿಸುತ್ತದೆ. ಆ ಹೊತ್ತಿನ ಪಿಎಚ್ ಅಂಕಿಯನ್ನು ನೆಚ್ಚಿಕೊಂಡು ಆಸಿಡ್ ಹಾಕಬೇಡಿ.

ತುಂಬುವ ನೀರನ್ನೇ ಮೊದಲು ಪರೀಕ್ಷಿಸಿ

ನಲ್ಲಿಯದೋ ಕೊಳವೆಬಾವಿಯದೋ, ನೀರಿಗೆ ಅದರದೇ ಗುಣವಿರುತ್ತದೆ. ತುಂಬಿಸುವ ಮೊದಲೇ ಒಂದು ಬಿಳಿ ಬಕೆಟ್‌ನಲ್ಲಿ ಅದೇ ನೀರು ಹಿಡಿದು, ಒಂದು ಚಮಚ ದ್ರವ ಕ್ಲೋರಿನ್ ಹಾಕಿ ಒಂದು ರಾತ್ರಿ ಬಿಡಿ. ನೀರು ಚಹಾದ ಬಣ್ಣಕ್ಕೆ ತಿರುಗಿದರೆ ಅದರಲ್ಲಿ ಕಬ್ಬಿಣವಿದೆ. ಕಪ್ಪು ಅಥವಾ ನೇರಳೆ ಛಾಯೆ ಬಂದರೆ ಮ್ಯಾಂಗನೀಸ್ ಇರಬಹುದು. ಕಣ್ಣಿಗೆ ಕಾಣದಂತೆ ಕರಗಿದ್ದ ಲೋಹವನ್ನು ಕ್ಲೋರಿನ್ ಆಕ್ಸಿಡೀಕರಿಸಿ ಹೊರಗೆಡಹುತ್ತದೆ, ಕೊಳದಲ್ಲಾದರೆ ಅದು ಲೈನರ್ ಮೇಲೆ ಕಲೆಯಾಗಿ ಕೂರುತ್ತದೆ. ಇಂಥ ನೀರಾದರೆ ಕ್ಲೋರಿನ್ ಹಾಕುವ ಮುನ್ನವೇ ಲೋಹಬಂಧಕ ದ್ರಾವಣವನ್ನು ಡಬ್ಬಿಯ ಮೇಲಿನ ಪ್ರಮಾಣದಂತೆ ಬೆರೆಸಬೇಕು. ಅದು ಲೋಹವನ್ನು ತೆಗೆದುಹಾಕುವುದಿಲ್ಲ, ಕಲೆಯಾಗದಂತೆ ಹಿಡಿದಿಡುತ್ತದೆ ಅಷ್ಟೆ, ಹಾಗಾಗಿ ಆಗಾಗ ಮತ್ತೆ ಸೇರಿಸುತ್ತಿರಬೇಕಾಗುತ್ತದೆ. ಬೇರೆ ಮೂಲದ ನೀರು ಸಿಗುವುದಾದರೆ ಅದೇ ಉತ್ತಮ.

ಪಿಎಚ್ ಬಗ್ಗೆ ಒಂದು ಎಚ್ಚರಿಕೆ. ಪೈಪಿನಿಂದ ಆಗತಾನೆ ಬಂದ ನೀರಿನಲ್ಲಿ, ಅದರಲ್ಲೂ ಅಂತರ್ಜಲದಲ್ಲಿ, ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಕರಗಿರುತ್ತದೆ. ಆಗ ಪಿಎಚ್ 7.2 ತೋರಿಸಿದರೂ ಗಾಳಿಗೆ ತೆರೆದುಕೊಂಡು ಅನಿಲ ಹೊರಹೋಗುತ್ತಿದ್ದಂತೆ ಮರುದಿನಕ್ಕೆ 8ರ ಹತ್ತಿರ ಬರಬಹುದು. ತುಂಬಿದ ಗಳಿಗೆಯಲ್ಲೇ ಪಿಎಚ್ ಏರಿಸುವ ಪುಡಿ ಹಾಕಿದವರು ಮರುದಿನ ಆಸಿಡ್ ಹುಡುಕಬೇಕಾಗುತ್ತದೆ. ಪಂಪ್ ಅರ್ಧ ದಿನವಾದರೂ ಓಡಲಿ, ಆಮೇಲೆ ನೋಡಿ.

ಗಡಸುತನದ ಚಿಂತೆ ಇಲ್ಲಿ ಕಡಿಮೆ. ಸಿಮೆಂಟ್ ಕೊಳದಲ್ಲಿ ಕ್ಯಾಲ್ಸಿಯಂ ಸಾಲದ ನೀರು ಗೋಡೆಯನ್ನೇ ಕೊರೆಯುತ್ತದೆ, ವಿನೈಲ್ ಲೈನರ್‌ನಲ್ಲಿ ಕೊರೆಯಲು ಸಿಮೆಂಟೇ ಇಲ್ಲ. ಕ್ಯಾಲ್ಸಿಯಂ ಪುಡಿ ಕೊಳ್ಳಬೇಡಿ. 400 ಪಿಪಿಎಂ ಮೀರಿದ ಗಡಸು ನೀರಾದರೆ ಮಾತ್ರ ಪಿಎಚ್ ಏರದಂತೆ ಕಾಯಬೇಕು, ಇಲ್ಲವಾದರೆ ಸುಣ್ಣದ ಪದರ ಕಟ್ಟುತ್ತದೆ.

ಕೈ ಹಾಕುವ ಮುನ್ನ

ಕೈಗವಸು, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಗಾಳಿ ಬೆನ್ನ ಹಿಂದಿನಿಂದ ಬರುವಂತೆ ನಿಲ್ಲಿ. ರಾಸಾಯನಿಕವನ್ನು ಯಾವಾಗಲೂ ನೀರಿಗೆ ಸೇರಿಸಬೇಕು, ರಾಸಾಯನಿಕದ ಮೇಲೆ ನೀರು ಸುರಿಯಬಾರದು. ಆಸಿಡ್ ಮತ್ತು ಕ್ಲೋರಿನ್ ಒಂದೇ ಬಕೆಟ್‌ನಲ್ಲಿ, ಒಂದೇ ಅಳತೆ ಲೋಟದಲ್ಲಿ ಸೇರಿದರೆ ವಿಷಾನಿಲವಾದ ಕ್ಲೋರಿನ್ ಅನಿಲ ಏಳುತ್ತದೆ. ಟ್ರೈಕ್ಲೋರ್ ಮಾತ್ರೆ ಮತ್ತು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹರಳು ಎರಡೂ ಕ್ಲೋರಿನ್‌ಗಳೇ, ಆದರೂ ಅವು ಒಂದನ್ನೊಂದು ತಾಗಿದರೆ ಬೆಂಕಿ ಹತ್ತಬಹುದು, ಸಿಡಿಯಬಹುದು. ಒಂದಕ್ಕೆ ಬಳಸಿದ ತೇಲುಡಬ್ಬಿಯಲ್ಲಿ (ಕ್ಲೋರಿನ್ ತುಂಬಿ ನೀರಿನ ಮೇಲೆ ತೇಲಿಬಿಡುವ ಡಬ್ಬಿ) ಇನ್ನೊಂದನ್ನು ಎಂದೂ ತುಂಬಬೇಡಿ. ಪ್ರತಿಯೊಂದಕ್ಕೂ ಬೇರೆ ಲೋಟ ಇಟ್ಟುಕೊಂಡು ಹೆಸರು ಬರೆದಿಡಿ. ಎಲ್ಲವೂ ಮಕ್ಕಳ ಕೈಗೆ ಸಿಗದ ಕಡೆ ಇರಲಿ.

ಕೆಲಸದ ಕ್ರಮ

ಒಂದು. ಪಂಪ್ ನೀರೆಳೆಯುವ ಬಾಯಿಗೂ ರಿಟರ್ನ್ ಬಾಯಿಗೂ ನೀರು ಬಂದ ಕೂಡಲೇ ಗಾಳಿ ತೆಗೆದು ಪಂಪ್ ಚಾಲು ಮಾಡಿ. ಮೊದಲ ಎರಡು ಮೂರು ದಿನ ಹಗಲು ರಾತ್ರಿ ಓಡಲಿ. ಮರಳಿನ ಫಿಲ್ಟರ್ ಆದರೆ ಮೊದಲ ಬಳಕೆಗೆ ಮುಂಚೆಯೇ ಬ್ಯಾಕ್‌ವಾಶ್ ಮಾಡಿ, ಅಂದರೆ ನೀರನ್ನು ಉಲ್ಟಾ ಹರಿಸಿ ತೊಳೆದು, ಹೊಸ ಮರಳಿನ ಧೂಳು ಹೊರಹಾಕಿ, ಇಲ್ಲದಿದ್ದರೆ ಅದು ಕೊಳದ ತಳದಲ್ಲಿ ಕೂರುತ್ತದೆ. ಶುದ್ಧ ಫಿಲ್ಟರ್‌ನ ಒತ್ತಡ ಎಷ್ಟಿದೆ ಎಂದು ಬರೆದಿಡಿ. ಮುಂದೆ ಅದು ಕಾಲು ಭಾಗ ಏರಿದಾಗ ಮತ್ತೆ ಬ್ಯಾಕ್‌ವಾಶ್. ತುಂಬಲು ಎರಡು ಮೂರು ದಿನ ಹಿಡಿಯುವುದಾದರೆ ನೀರನ್ನು ಕ್ಲೋರಿನ್ ಇಲ್ಲದೆ ಬಿಡಬೇಡಿ. ಲೋಹವಿಲ್ಲದ ನೀರಾದರೆ ಅದುವರೆಗೆ ತುಂಬಿದಷ್ಟು ನೀರಿಗೆ 2 ಪಿಪಿಎಂನಷ್ಟು ದ್ರವ ಕ್ಲೋರಿನ್ ಅನ್ನು ಬಕೆಟ್ ನೀರಿನಲ್ಲಿ ಬೆರೆಸಿ ಸುತ್ತಲೂ ಚೆಲ್ಲಿ, ಬ್ರಷ್‌ನಿಂದ ಕದಡಿ.

ಎರಡು. ಒಟ್ಟು ಕ್ಷಾರೀಯತೆ ನೋಡಿ. ಪಿಎಚ್ ಥಟ್ಟನೆ ಏರಿಳಿಯದಂತೆ ತಡೆಯುವುದು ಇದೇ. ದ್ರವ ಕ್ಲೋರಿನ್ ಬಳಸುವವರಿಗೆ 60ರಿಂದ 90 ಪಿಪಿಎಂ ಸಾಕು. ಟ್ರೈಕ್ಲೋರ್ ಮಾತ್ರೆ ಬಳಸುವವರಿಗೆ, ಅದು ಆಮ್ಲೀಯವಾದ್ದರಿಂದ, 80ರಿಂದ 120 ಇರಲಿ. ಕಡಿಮೆಯಿದ್ದರೆ ಮಾತ್ರ ಅಡುಗೆ ಸೋಡಾ ಹಾಕಿ: 10,000 ಲೀಟರಿಗೆ 170 ಗ್ರಾಂ ಹಾಕಿದರೆ 10 ಪಿಪಿಎಂ ಏರುತ್ತದೆ. ನಮ್ಮ 16,000 ಲೀಟರ್ ಕೊಳದಲ್ಲಿ 40ರಿಂದ 70ಕ್ಕೆ ತರಲು ಸುಮಾರು 800 ಗ್ರಾಂ. ಅರ್ಧ ಹಾಕಿ, ಆರು ಗಂಟೆ ಪಂಪ್ ಓಡಿಸಿ, ಅಳೆದು, ಉಳಿದರ್ಧ ಹಾಕಿ. 120 ದಾಟಿದ್ದರೆ ಅವಸರದಲ್ಲಿ ಇಳಿಸಲು ಹೋಗಬೇಡಿ. ಪಿಎಚ್ ಏರಿದಾಗಲೆಲ್ಲ ಆಸಿಡ್ ಹಾಕುತ್ತ ಹೋದರೆ ಕೆಲವು ವಾರಗಳಲ್ಲಿ ಅದು ತಾನಾಗಿಯೇ ತಗ್ಗುತ್ತದೆ.

ಮೂರು. ಪಿಎಚ್. 7.2ರಿಂದ 7.8ರ ನಡುವೆ ಎಲ್ಲಿದ್ದರೂ ಮುಟ್ಟಬೇಡಿ. 7.5 ಎಂಬ ಒಂದೇ ಅಂಕಿಯ ಬೆನ್ನು ಹತ್ತಿ ದಿನಾ ಆಸಿಡ್, ದಿನಾ ಸೋಡಾ ಹಾಕುವುದು ಕೊಳಕ್ಕೂ ಒಳ್ಳೆಯದಲ್ಲ, ಜೇಬಿಗೂ ಒಳ್ಳೆಯದಲ್ಲ. 7.8 ದಾಟಿದರೆ ಶೇ 31ರ ಹೈಡ್ರೋಕ್ಲೋರಿಕ್ ಆಸಿಡ್ 10,000 ಲೀಟರಿಗೆ 100 ಮಿಲಿಲೀಟರ್ ಹಾಕಿ ನೋಡಿ. ಕ್ಷಾರೀಯತೆ 80ರ ಆಸುಪಾಸಿನಲ್ಲಿದ್ದರೆ ಪಿಎಚ್ ಸುಮಾರು 0.3 ಇಳಿಯುತ್ತದೆ. ಒಣ ಆಸಿಡ್ ಆದ ಸೋಡಿಯಂ ಬೈಸಲ್ಫೇಟ್ ಆದರೆ ಇದೇ ಕೆಲಸಕ್ಕೆ 130 ಗ್ರಾಂ ಬೇಕು. ಪಂಪ್ ಓಡುತ್ತಿರುವಾಗ ರಿಟರ್ನ್ ಬಾಯಿಯ ಮುಂದಿನ ಹರಿವಿಗೆ, ನೀರಿನ ಮಟ್ಟಕ್ಕೆ ಹತ್ತಿರದಿಂದ, ನಿಧಾನವಾಗಿ ಸಣ್ಣ ಧಾರೆಯಲ್ಲಿ ಸುರಿಯಿರಿ. ಆಸಿಡ್ ನೀರಿಗಿಂತ ಭಾರ, ಕೆಳಗಿಳಿದು ಲೈನರ್ ಮೇಲೆ ಕೂರದಂತೆ ತಕ್ಷಣ ಬ್ರಷ್ ಆಡಿಸಬೇಕು. ಒಂದು ಗಂಟೆಯ ನಂತರ ಮತ್ತೆ ಅಳೆಯಿರಿ.

ಪಿಎಚ್ 7.2ಕ್ಕಿಂತ ಕೆಳಗಿದ್ದು ಕ್ಷಾರೀಯತೆ ಸರಿಯಾಗಿದ್ದರೆ ಪುಡಿ ಹಾಕುವ ಬದಲು ರಿಟರ್ನ್ ಬಾಯಿಯನ್ನು ಮೇಲಕ್ಕೆ ತಿರುಗಿಸಿ ನೀರಿನ ಮೇಲ್ಮೈಯನ್ನು ಕಲಕಿ. ಅನಿಲ ಹೊರಹೋಗಿ ಪಿಎಚ್ ತಾನೇ ಏರುತ್ತದೆ, ಖರ್ಚೂ ಇಲ್ಲ. ವಾಷಿಂಗ್ ಸೋಡಾ ಬೇಕಾಗುವುದು ಎರಡೂ ಕಡಿಮೆ ಇದ್ದಾಗ ಮಾತ್ರ.

ನಾಲ್ಕು. ಸಯನ್ಯೂರಿಕ್ ಆಸಿಡ್. ಹೆಚ್ಚಿನ ಹೊಸ ಕೊಳಗಳು ಸೋಲುವುದು ಇಲ್ಲಿಯೇ. ತಾಜಾ ನೀರಿನಲ್ಲಿ ಇದು ಸೊನ್ನೆ ಇರುತ್ತದೆ. ಆಗ ಹಾಕಿದ ಕ್ಲೋರಿನ್‌ನ ಬಹುಪಾಲನ್ನು ನೆತ್ತಿಯ ಮೇಲಿನ ಬಿಸಿಲು ಕೆಲವೇ ಗಂಟೆಗಳಲ್ಲಿ ಒಡೆದುಹಾಕುತ್ತದೆ. ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನಕ್ಕೆ ಇರುವುದಿಲ್ಲ. ಅತಿಯಾದರೆ ಉಲ್ಟಾ ತೊಂದರೆ: ಕ್ಲೋರಿನ್ ಇರುತ್ತದೆ, ಆದರೆ ಸಯನ್ಯೂರಿಕ್ ಅದನ್ನು ಬಿಗಿಯಾಗಿ ಹಿಡಿದುಕೊಂಡು ಕೆಲಸಕ್ಕೆ ಬಿಡುವುದಿಲ್ಲ. ಬಿಸಿಲಿಗೆ ತೆರೆದ ಕೊಳಕ್ಕೆ 30 ಪಿಪಿಎಂ ಒಳ್ಳೆಯ ಆರಂಭ. 10,000 ಲೀಟರಿಗೆ 300 ಗ್ರಾಂ, ನಮ್ಮ ಉದಾಹರಣೆಗೆ 480 ಗ್ರಾಂ.

ಇದು ಬಹಳ ನಿಧಾನವಾಗಿ ಕರಗುವ ವಸ್ತು. ನೇರವಾಗಿ ಚೆಲ್ಲಿದರೆ ತಳದಲ್ಲಿ ಬಿದ್ದು ಲೈನರ್‌ನ ಬಣ್ಣ ತಿನ್ನುತ್ತದೆ. ಹಳೆಯ ಕಾಲುಚೀಲಕ್ಕೆ ತುಂಬಿ ಗಂಟು ಹಾಕಿ, ಗೋಡೆಗೆ ತಾಗದಂತೆ ರಿಟರ್ನ್ ಬಾಯಿಯ ಹರಿವಿನಲ್ಲಿ ತೂಗುಬಿಡಿ. ಆಗಾಗ ಹಿಂಡುತ್ತಿದ್ದರೆ ಒಂದೆರಡು ದಿನದಲ್ಲಿ ಕರಗುತ್ತದೆ. ಪರೀಕ್ಷೆಯಲ್ಲಿ ಪೂರ್ತಿ ಕಾಣಿಸಿಕೊಳ್ಳಲು ಒಂದು ವಾರವೂ ಆಗಬಹುದು. ಮೂರನೆಯ ದಿನ 10 ತೋರಿಸಿತೆಂದು ಇನ್ನೊಂದು ಚೀಲ ಕಟ್ಟಿದರೆ ವಾರದ ಕೊನೆಗೆ 60 ಆಗಿರುತ್ತದೆ, ಅದನ್ನು ಇಳಿಸಲು ಇರುವ ಖಚಿತ ದಾರಿ ಅರ್ಧ ಕೊಳ ಖಾಲಿ ಮಾಡಿ ಹೊಸ ನೀರು ತುಂಬುವುದು. ತೂಕ ಮಾಡಿ ಹಾಕಿದ್ದರೆ ಆ ತೂಕವನ್ನೇ ನಂಬಿ.

ಐದು. ಕ್ಲೋರಿನ್. ಸಯನ್ಯೂರಿಕ್ ಕರಗಲಿ ಎಂದು ಕಾಯುವುದು ಬೇಡ, ಚೀಲ ಕಟ್ಟಿದ ದಿನ ಸಂಜೆಯೇ ಹಾಕಿ. ಆಸಿಡ್ ಹಾಕಿ ಒಂದು ಗಂಟೆಯಾದರೂ ಕಳೆದಿರಬೇಕು. ಮೊದಲ ಗುರಿ 4ರಿಂದ 5 ಪಿಪಿಎಂ ಮುಕ್ತ ಕ್ಲೋರಿನ್. 10,000 ಲೀಟರ್ ನೀರಿನಲ್ಲಿ 1 ಪಿಪಿಎಂ ಏರಲು ಬೇಕಾಗುವ ಪ್ರಮಾಣ ಹೀಗಿದೆ:

ಶೇ 10ರ ದ್ರವ ಕ್ಲೋರಿನ್: 100 ಮಿಲಿಲೀಟರ್
ಶೇ 12.5ರ ದ್ರವ ಕ್ಲೋರಿನ್: 80 ಮಿಲಿಲೀಟರ್
ಶೇ 65ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್: 15 ಗ್ರಾಂ
ಶೇ 56ರ ಡೈಕ್ಲೋರ್ ಹರಳು: 18 ಗ್ರಾಂ
ಶೇ 90ರ ಟ್ರೈಕ್ಲೋರ್: 11 ಗ್ರಾಂ

ಅಂದರೆ 16,000 ಲೀಟರ್ ಕೊಳವನ್ನು ಸೊನ್ನೆಯಿಂದ 4ಕ್ಕೆ ತರಲು ಶೇ 10ರ ದ್ರವ ಕ್ಲೋರಿನ್ 640 ಮಿಲಿಲೀಟರ್.

ಯಾವ ಕ್ಲೋರಿನ್?

ನಮ್ಮ ಆಯ್ಕೆ ಸ್ಪಷ್ಟ: ದ್ರವ ಕ್ಲೋರಿನ್, ಅಂದರೆ ಸೋಡಿಯಂ ಹೈಪೋಕ್ಲೋರೈಟ್. ಅದು ಕ್ಲೋರಿನ್ ಕೊಟ್ಟು ಸ್ವಲ್ಪ ಉಪ್ಪು ಮಾತ್ರ ಉಳಿಸುತ್ತದೆ. ಸುವಾಸನೆ ಅಥವಾ ಸಾಬೂನು ಬೆರೆಸಿದ, ಮಂದವಾದ ಗೃಹಬಳಕೆಯ ಬ್ಲೀಚ್ ಮಾತ್ರ ಬೇಡ, ನೊರೆ ಬರುತ್ತದೆ. ಬಿಸಿಲಿನಲ್ಲಿ ಇಟ್ಟ ಕ್ಯಾನ್ ವಾರಗಳಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ. ತಂಪಾದ ಕತ್ತಲೆಯಲ್ಲಿಡಿ, ತಿಂಗಳಿಗೆ ಆಗುವಷ್ಟೇ ತನ್ನಿ.

ಡೈಕ್ಲೋರ್ ಮತ್ತು ಟ್ರೈಕ್ಲೋರ್ ಒಳಗೆ ಸಯನ್ಯೂರಿಕ್ ಆಸಿಡ್ ಅಡಗಿರುತ್ತದೆ, ಅನೇಕರಿಗೆ ಇದು ತಿಳಿಯುವುದು ನೀರು ಕೆಟ್ಟ ಮೇಲೆಯೇ. ಡೈಕ್ಲೋರ್‌ನ ಪ್ರತಿ 1 ಪಿಪಿಎಂ ಕ್ಲೋರಿನ್ ಜೊತೆ 0.9 ಪಿಪಿಎಂ, ಟ್ರೈಕ್ಲೋರ್ ಜೊತೆ 0.6 ಪಿಪಿಎಂ ಸಯನ್ಯೂರಿಕ್ ಸೇರುತ್ತದೆ. ದಿನಕ್ಕೆ 2 ಪಿಪಿಎಂನಂತೆ 30 ದಿನ ಡೈಕ್ಲೋರ್ ಹಾಕಿದರೆ 54, ಟ್ರೈಕ್ಲೋರ್ ಹಾಕಿದರೆ 36 ಪಿಪಿಎಂ. ಕ್ಲೋರಿನ್ ಖರ್ಚಾಗುತ್ತದೆ, ಸಯನ್ಯೂರಿಕ್ ಉಳಿದು ರಾಶಿ ಬೀಳುತ್ತದೆ. ಎರಡು ತಿಂಗಳಿನಲ್ಲಿ ಕೊಳ ಹಸಿರಾದಾಗ ಪರೀಕ್ಷೆಯಲ್ಲಿ ಕ್ಲೋರಿನ್ 3 ಇರುತ್ತದೆ, ಆದರೂ ಪಾಚಿ ಬೆಳೆಯುತ್ತಲೇ ಇರುತ್ತದೆ.

ಇದೇ ಗುಣವನ್ನು ಆರಂಭದಲ್ಲಿ ಉಪಯೋಗಕ್ಕೆ ತಂದುಕೊಳ್ಳಬಹುದು. ಸಯನ್ಯೂರಿಕ್ ಪುಡಿ ಸಿಗದಿದ್ದರೆ 10,000 ಲೀಟರಿಗೆ ದಿನಕ್ಕೆ 54 ಗ್ರಾಂ ಡೈಕ್ಲೋರ್‌ನಂತೆ ಸುಮಾರು 11 ದಿನ ಹಾಕಿ. ಒಟ್ಟು 600 ಗ್ರಾಂ ಆಗುವ ಹೊತ್ತಿಗೆ 30 ಪಿಪಿಎಂ ಸಯನ್ಯೂರಿಕ್ ಸೇರಿರುತ್ತದೆ. ಅಲ್ಲಿಗೆ ನಿಲ್ಲಿಸಿ ದ್ರವ ಕ್ಲೋರಿನ್‌ಗೆ ಬದಲಾಗಿ.

ಟ್ರೈಕ್ಲೋರ್ ಮಾತ್ರೆಯನ್ನು, ಮೇಲ್ಮೈಯ ಕಸ ಹಿಡಿದು ನೀರನ್ನು ಪಂಪ್ ಕಡೆಗೆ ಬಿಡುವ ಸ್ಕಿಮ್ಮರ್‌ನಲ್ಲಿ ಇಡಬೇಡಿ. ಪಂಪ್ ನಿಂತಾಗ ಅಲ್ಲಿ ತೀಕ್ಷ್ಣ ಆಮ್ಲೀಯ ನೀರು ನಿಂತು ಪೈಪು, ಪಂಪ್‌ಗಳನ್ನು ತಿನ್ನುತ್ತದೆ. ತೇಲುಡಬ್ಬಿ ಬಳಸುವುದಾದರೆ ಗೋಡೆಗೆ ಅಂಟಿ ನಿಲ್ಲದಂತೆ ಹಗ್ಗದಿಂದ ನಡುವೆ ಕಟ್ಟಿ. ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹರಳನ್ನು ಮೊದಲೇ ಬಕೆಟ್ ನೀರಿನಲ್ಲಿ ಕದಡಿ, ಕೆಳಗೆ ಕುಳಿತ ಗಷ್ಟು ಬಿಟ್ಟು ಮೇಲಿನ ತಿಳಿ ಹಾಕಬೇಕು. ಲೈನರ್ ಮೇಲೆ ಬಿದ್ದ ಒಂದೊಂದು ಹರಳೂ ಒಂದೊಂದು ಬಿಳಿ ಚುಕ್ಕೆಯಾಗಿ ಶಾಶ್ವತವಾಗಿ ಉಳಿಯುತ್ತದೆ. ಕುಡಿಯುವ ನೀರಿನ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್‌ನಲ್ಲಿ ಸುಣ್ಣವೇ ಹೆಚ್ಚು. ಪಿಎಚ್ ಏರಿ ನೀರು ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಇದಕ್ಕೆ ಸೂಕ್ತವಲ್ಲ.

ಇಳಿಯಬಹುದೇ?

ಕೊಳ ಸಿದ್ಧವಾಗಿದೆಯೇ ಎಂದು ಹೇಳುವ ಒಂದು ಒಳ್ಳೆಯ ಪರೀಕ್ಷೆ ಇದೆ. ಸೂರ್ಯ ಮುಳುಗಿದ ಮೇಲೆ, ಕ್ಲೋರಿನ್ ಹಾಕಿ ಅರ್ಧ ಗಂಟೆ ಪಂಪ್ ಓಡಿದ ನಂತರ ಮುಕ್ತ ಕ್ಲೋರಿನ್ ಅಳೆಯಿರಿ. ಬಿಸಿಲು ಬೀಳುವ ಮೊದಲೇ ಬೆಳಿಗ್ಗೆ ಮತ್ತೆ ಅಳೆಯಿರಿ. ರಾತ್ರಿ ಬಿಸಿಲಿಲ್ಲ, ಹಾಗಾಗಿ ಕಡಿಮೆಯಾದದ್ದೆಲ್ಲ ನೀರಿನಲ್ಲಿದ್ದ ಕೊಳೆಯನ್ನೋ ಪಾಚಿಯನ್ನೋ ಸುಡಲು ಹೋಗಿದೆ. ವ್ಯತ್ಯಾಸ 1 ಪಿಪಿಎಂ ಒಳಗಿದ್ದು, ಒಟ್ಟು ಕ್ಲೋರಿನ್‌ಗೂ ಮುಕ್ತ ಕ್ಲೋರಿನ್‌ಗೂ ಅಂತರ 0.5 ದಾಟದೆ, ನೀರಿನ ತಳ ಸ್ಪಷ್ಟವಾಗಿ ಕಂಡರೆ ಇಳಿಯಬಹುದು. ಮೊದಲ ಒಂದೆರಡು ರಾತ್ರಿ ಹೊಸ ಲೈನರ್‌ನ ಅಂಟು, ಧೂಳು, ಹುಳುಹುಪ್ಪಟೆಯಿಂದ ಹೆಚ್ಚು ಖರ್ಚಾಗುವುದು ಸಹಜ. ಮೂರನೆಯ ರಾತ್ರಿಯೂ 1ಕ್ಕಿಂತ ಹೆಚ್ಚು ಇಳಿದರೆ ಪಾಚಿ ಹುಟ್ಟಿಕೊಂಡಿದೆ ಎಂದರ್ಥ, ಕಣ್ಣಿಗೆ ಕಾಣದಿದ್ದರೂ. ಆಗ ಸಯನ್ಯೂರಿಕ್ 30 ಇರುವ ನೀರಿನಲ್ಲಿ ಕ್ಲೋರಿನ್ ಅನ್ನು 12 ಪಿಪಿಎಂಗೆ ಏರಿಸಿ, ದಿನಕ್ಕೆ ಎರಡು ಮೂರು ಬಾರಿ ಅಳೆದು ಅಲ್ಲಿಯೇ ಹಿಡಿದಿಟ್ಟು, ಗೋಡೆ ಉಜ್ಜುತ್ತ ಹೋಗಬೇಕು. ರಾತ್ರಿಯ ಇಳಿಕೆ 1ರೊಳಗೆ ಬರುವವರೆಗೆ ಬಿಡಬಾರದು.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕನಿಷ್ಠ 1 ಪಿಪಿಎಂ, ಸಯನ್ಯೂರಿಕ್ ಬಳಸಿದ್ದರೆ ಕನಿಷ್ಠ 2 ಪಿಪಿಎಂ ಮುಕ್ತ ಕ್ಲೋರಿನ್ ಇರಬೇಕೆನ್ನುತ್ತದೆ. ಅದು ಕೆಳಗಿನ ಗಡಿ. ದಿನವಿಡೀ ಆ ಗಡಿಗಿಂತ ಮೇಲಿರಬೇಕಾದರೆ ಸಂಜೆ 5ರ ಆಸುಪಾಸಿಗೆ ಏರಿಸಿಡುವುದು ಜಾಣತನ.

ಏನಾದರೂ ಕೆಟ್ಟರೆ

ತಿಳಿಯಾಗಿದ್ದೂ ಹಸಿರಾಗಿರುವ ನೀರು ಬಹುತೇಕ ಲೋಹದ್ದು. ಹೆಚ್ಚು ಕ್ಲೋರಿನ್ ಹಾಕಿದಷ್ಟೂ ಬಣ್ಣ ಗಾಢವಾಗುತ್ತದೆ, ಲೋಹಬಂಧಕ ಬಳಸಿ. ಮಸುಕಾಗಿ ಹಸಿರಾಗಿದ್ದರೆ ಪಾಚಿ. ಬಿಳಿ ಮಸುಕಾದರೆ ಪಿಎಚ್ ನೋಡಿ. 8 ದಾಟಿದ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಹೊರಬಿದ್ದಿರುತ್ತದೆ, ಪಿಎಚ್ 7.4ಕ್ಕೆ ಇಳಿಸಿ ಒಂದೆರಡು ದಿನ ಫಿಲ್ಟರ್ ಓಡಿಸಿದರೆ ತಿಳಿಯಾಗುತ್ತದೆ.

ಮಸುಕು ಕಂಡ ಕೂಡಲೇ ಪಟಿಕ ಹಾಕಬೇಡಿ. ಅದು ಕಾರ್ಟ್ರಿಜ್ ಫಿಲ್ಟರ್ ಅನ್ನು ಅಂಟಿನಂತೆ ಮುಚ್ಚಿಹಾಕುತ್ತದೆ, ಕ್ಷಾರೀಯತೆಯನ್ನೂ ತಿನ್ನುತ್ತದೆ. ತಳಕ್ಕೆ ಕುಳಿತದ್ದನ್ನು ಫಿಲ್ಟರ್‌ಗೆ ಹೋಗದಂತೆ ನೇರ ಹೊರಗೆ ಎಳೆದುಹಾಕುವ ವ್ಯವಸ್ಥೆ ಇದ್ದವರಿಗೆ ಮಾತ್ರ ಅದು ಆಗಿಬರುತ್ತದೆ.

ಕಣ್ಣು ಉರಿದು, ಮೂಗಿಗೆ ಗಾಟು ಹೊಡೆದರೆ ಕ್ಲೋರಿನ್ ಹೆಚ್ಚಾಯಿತೆಂದು ಹಾಕುವುದನ್ನು ನಿಲ್ಲಿಸುವವರೇ ಹೆಚ್ಚು. ಆ ಗಾಟು ಬರುವುದು ಕ್ಲೋರಿನ್ ಬೆವರು ಮೂತ್ರಗಳೊಡನೆ ಸೇರಿ ಆಗುವ ಕ್ಲೋರಮೈನ್‌ನಿಂದ. ಮುಕ್ತ ಕ್ಲೋರಿನ್ ಸಾಲದೆ ಹೋದಾಗಲೇ ಅದು ಬೆಳೆಯುವುದು. ಪಿಎಚ್ ಅಳೆದು ಸರಿಯಿದ್ದರೆ, ಆ ಸಂಜೆ ಕ್ಲೋರಿನ್ ಏರಿಸಿ ಹೊದಿಕೆ ತೆಗೆದಿಡಿ.

ಮೊದಲ ಎರಡು ವಾರ ದಿನಾ ಸಂಜೆ ಕ್ಲೋರಿನ್ ಮತ್ತು ಪಿಎಚ್, ವಾರಕ್ಕೊಮ್ಮೆ ಕ್ಷಾರೀಯತೆ, ತಿಂಗಳಿಗೊಮ್ಮೆ ಸಯನ್ಯೂರಿಕ್ ಅಳೆದು ತಾರೀಖಿನೊಂದಿಗೆ ಬರೆದಿಡಿ. ಮಳೆ ನೀರು ತುಂಬಿ ಹೊರಚೆಲ್ಲಿದಾಗ, ಮಕ್ಕಳು ಎರಚಾಡಿ ಮಟ್ಟ ಇಳಿದು ಹೊಸ ನೀರು ಸೇರಿಸಿದಾಗ ಸಯನ್ಯೂರಿಕ್ ತೆಳುವಾಗುತ್ತದೆ. ಒಣಗಿ ಇಳಿದ ಮಟ್ಟಕ್ಕೆ ನೀರು ಸೇರಿಸಿದರೆ ಅದು ತಗ್ಗುವುದಿಲ್ಲ. ಕೊಳೆ ತೊಳೆಯಲು ಬ್ಯಾಕ್‌ವಾಶ್ ಮಾಡಿದ ಲೀಟರ್‌ಗಳನ್ನೂ ಆ ಪಟ್ಟಿಯಲ್ಲಿ ಸೇರಿಸಿದರೆ ಮುಂದಿನ ಬಾರಿ ಎಷ್ಟು ಗ್ರಾಂ ಬೇಕೆಂದು ಕಿಟ್ ತೆರೆಯುವ ಮೊದಲೇ ಅಂದಾಜು ಸಿಗುತ್ತದೆ.